ಮುನಿಕೃಷ್ಣಮ್ಮನ ತಟ್ಟೆಗೆ ಬೇರೆ ಸಾರು

ಮುನಿಕೃಷ್ಣಮ್ಮ ಜಕ್ಕೂರಿನ ಶಾಲೆಯಲ್ಲಿ ನನ್ನ ಬಳಿ ಏಳನೆಯ ತರಗತಿಯವರೆಗೆ ಓದಿದವಳು. ಓದಿದಳು ಎನ್ನುವುದಕ್ಕಿಂತ ತರಗತಿಯನ್ನು ನಡೆಸಿದಳು ಎಂದರೆ ಹೆಚ್ಚು ಸರಿಯಾದೀತು. ನಾನು ಹಾಜರಿ ಕರೆಯುತ್ತಿದ್ದರೆ, ಬಾರದ ಮಕ್ಕಳ ವರದಿಯನ್ನು ಹಿಂದಿನ ಸಾಲಿನಿಂದ ಅವಳೇ ಒಪ್ಪಿಸುತ್ತಿದ್ದಳು. "ಪಂಚಪ್ಪ ಬರಲ್ಲ ಮೇಷ್ಟ್ರೇ. ಇರೋದೊಂದೇ ಚಡ್ಡಿ. ಒಗ್ದವ್ರೆ, ಇನ್ನೂ ಒಣಗಿಲ್ಲ." ವಿಮಾನ ಹಾರಿಸಲು ಕಲಿಸುವ ಮೈದಾನದಿಂದ ಪುಟ್ಟ ವಿಮಾನವೊಂದು ಮೇಲೆದ್ದರೆ ತರಗತಿಗೆ ತರಗತಿಯೇ ಕಿಟಕಿಗೆ ಓಡುತ್ತಿತ್ತು. ಅವರನ್ನು ಮತ್ತೆ ಚಾಪೆಯ ಮೇಲೆ ಕೂರಿಸಲು ನನ್ನ ಬೆತ್ತಕ್ಕಿಂತ ಅವಳ ಗಂಟಲು ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಆ ಗಂಟಲಿನ ಬಲದಿಂದಲೇ ಅವಳು ಬಾಳಿನಲ್ಲಿ ಮೇಲೆ ಬಂದಳೆಂದರೆ ತಪ್ಪಿಲ್ಲ. ಅದೇ ಊರಿನ ಚಿಕ್ಕಮಾರಯ್ಯನನ್ನು ಮದುವೆಯಾದಳು. ಅವನು ಹೆಬ್ಬಾಳದ ಕಡೆ ಒಂದು ಸಸಿತೋಟದಲ್ಲಿ ಕೆಲಸಕ್ಕಿದ್ದ. ಗಂಡಹೆಂಡಿರಿಬ್ಬರಿಗೂ ಸೇರಿಸಿ ದೇವರು ಕೊಟ್ಟ ಮಾತನ್ನೆಲ್ಲ ಹೆಂಡತಿಯೇ ತೆಗೆದುಕೊಂಡಳೆಂದು ಊರಿನವರು ನಗುತ್ತಿದ್ದರು. ಅವನು ಮಧ್ಯಾಹ್ನ ಊಟದ ಕ್ಯಾರಿಯರ್ ಬಿಚ್ಚಿದರೆ ಸುತ್ತಲಿನ ನಾಲ್ವರು ಮೂಗರಳಿಸುತ್ತಿದ್ದರು. ಆ ನಾಲ್ವರಿಗೂ ಒಂದೊಂದು ಕ್ಯಾರಿಯರ್ ಹೋಗತೊಡಗಿತು. ಆಮೇಲೆ ಕೆರೆಯಾಚೆ ದೊಡ್ಡ ದೊಡ್ಡ ಕಟ್ಟಡಗಳು ಏಳತೊಡಗಿದಾಗ ಕೆಲಸಗಾರರಿಗೆ ಮುದ್ದೆ ಸೊಪ್ಪಿನ ಸಾರು ಹೋಯಿತು. ಕಟ್ಟಡ ಮುಗಿದು ಅದರೊಳಗೆ ಕಚೇರಿ ಬಂದಾಗ, ಕಚೇರಿಯವರಿಗೂ ಅವಳ ಮನೆಯದೇ ಊಟ. ಈಗ ಜಕ್ಕೂರಿನ ಹಿಂದುಗಡೆ ತಗಡಿನ ಮಾಡಿನ ದೊಡ್ಡ ಅಡುಗೆಮನೆ, ನಲವತ್ತು ಜನ, ಐದು ವ್ಯಾನು. ಯಲಹಂಕದಿಂದ ಯಶವಂತಪುರದವರೆಗೆ ದಿನಕ್ಕೆ ಸಾವಿರದ ಮೇಲೆ ಊಟ.

ಇದನ್ನೆಲ್ಲ ಅವಳ ಜೊತೆಗೆ ನಿಂತು ನಡೆಸುವವರು ಮೂವರು. ಸೊಸೆ ಸುಮಾ ಕಂಪ್ಯೂಟರಿನ ಮುಂದೆ ಕುಳಿತು ಕಚೇರಿಗಳ ಬೇಡಿಕೆ ನೋಡಿಕೊಳ್ಳುತ್ತಾಳೆ. ಆರ್.ಟಿ. ನಗರದ ಮುಬೀನ್ ವ್ಯಾನುಗಳ ಯಜಮಾನ. ಇಡೀ ಅಡುಗೆಮನೆಯ ಹೊಣೆ ಫಕೀರಪ್ಪನದು. ಗದಗಿನ ಕಡೆಯ ಫಕೀರಪ್ಪ ಆರು ವರ್ಷಗಳ ಹಿಂದೆ ತರಕಾರಿ ಹೆಚ್ಚುವ ಕೆಲಸಕ್ಕೆ ಬಂದವನು, ಮುಖ್ಯಸ್ಥನಾಗಿ ಬೆಳೆದವನು. ತನಗೆ ಕೈಲಾಗದ ದಿನ ಈ ಸೌಟು ಫಕೀರಪ್ಪನ ಕೈಗೇ ಎಂದು ಮುನಿಕೃಷ್ಣಮ್ಮ ಎಲ್ಲರೆದುರಿಗೂ ಹೇಳುತ್ತಿದ್ದಳು.

ಆ ಅಡುಗೆಮನೆಯಲ್ಲಿ ಒಂದು ಸಂಪ್ರದಾಯವಿದೆ. ಬೆಳಗಿನ ಹತ್ತೂವರೆಗೆ ಮುನಿಕೃಷ್ಣಮ್ಮನ ಮೇಜಿಗೆ ಒಂದು ಸ್ಟೀಲಿನ ತಟ್ಟೆ ಬರಬೇಕು. ಅದರಲ್ಲಿ ಆ ದಿನದ ಅನ್ನ, ಸಾರು, ಪಲ್ಯ ಎಲ್ಲವೂ ಒಂದೊಂದು ತುತ್ತು. ಅವಳು ರುಚಿ ನೋಡಿ ತಲೆಯಾಡಿಸದೆ ಯಾವ ವ್ಯಾನಿನ ಚಕ್ರವೂ ಉರುಳುವಂತಿಲ್ಲ. "ನಾನು ಉಣ್ದೇ ಇರೋದನ್ನ ಇನ್ನೊಬ್ರಿಗೆ ಉಣ್ಸಲ್ಲ" ಎಂಬುದು ಅವಳ ಹೆಮ್ಮೆಯ ಮಾತು. ಕೇಳಿದವರು ಮೆಚ್ಚಬೇಕಾದ ಮಾತೇ. ಆದರೆ ಅದು ಎರಡು ವರ್ಷಗಳಿಂದ ಸುಳ್ಳಾಗಿತ್ತು ಎಂಬುದು ಅವಳೊಬ್ಬಳನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಗೊತ್ತಿತ್ತು.

ಆದದ್ದು ಇಷ್ಟು. ಎರಡು ವರ್ಷದ ಹಿಂದೆ ಅವಳಿಗೆ ರಕ್ತದೊತ್ತಡ ಏರಿತು. ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರು. "ಉಪ್ಪಿಲ್ದಿದ್ರೆ ಅದೂ ಒಂದು ಊಟಾನಾ? ಆ ಡಾಕ್ಟ್ರು ಅವ್ರ ಮನೇಲಿ ಏನ್ ತಿಂತಾರೋ ಪಾಪ!" ಎಂದು ಅವಳು ಮರುಕ ಪಟ್ಟಳೇ ಹೊರತು ಉಪ್ಪು ಬಿಡಲಿಲ್ಲ. ಕೊನೆಗೆ ಸುಮಾ ಗುಟ್ಟಾಗಿ ಫಕೀರಪ್ಪನ ಹತ್ತಿರ ಮಾತಾಡಿದಳು. ಅತ್ತೆಯ ತಟ್ಟೆಗೆ ಮಾತ್ರ ಬೇರೆ ಪುಟ್ಟ ಪಾತ್ರೆಯಲ್ಲಿ ಸಾರು; ಅದರಲ್ಲಿ ವಾರಕ್ಕೆ ಒಂದೊಂದು ಚಿಟಿಕೆಯಂತೆ ಉಪ್ಪು ಇಳಿಸುವುದು; ನಾಲಿಗೆಗೆ ಗೊತ್ತೇ ಆಗುವುದಿಲ್ಲ.

ನಾಲಿಗೆಗೆ ಗೊತ್ತಾಯಿತು. "ಉಪ್ಪು ಕಡ್ಮೆ ಐತೆ, ಇನ್ನೊಂದು ಪಾವು ಆಕ್ರೋ!" ಎಂದು ಅವಳು ಕುಳಿತಲ್ಲಿಂದಲೇ ಕೂಗಿದಳು. ಇಡೀ ಅಡುಗೆಮನೆ ಒಂದು ಕ್ಷಣ ಫಕೀರಪ್ಪನ ಮುಖ ನೋಡಿತು. ಸಾವಿರ ಜನರ ಸಾರಿಗೆ ಉಪ್ಪು ಸರಿಯಾಗಿಯೇ ಬಿದ್ದಿತ್ತು. ಫಕೀರಪ್ಪ ನಿಧಾನವಾಗಿ ಉಪ್ಪಿನ ಡಬ್ಬದ ಹತ್ತಿರ ಹೋದ, ಮುಚ್ಚಳವನ್ನು ಠಣ್ಣೆಂದು ತೆಗೆದ, ಠಣ್ಣೆಂದು ಮುಚ್ಚಿದ. "ಹಾಕಿದ್ವಿರಿ ಅಮ್ಮಾರ!" ಎಂದ. ಒಳಗಿನಿಂದ "ಊಂ, ಈಗ ಓಗ್ಲಿ ವ್ಯಾನು" ಎಂಬ ಅಪ್ಪಣೆ ಬಂತು. ಅಂದಿನಿಂದ ಅದೇ ಪದ್ಧತಿಯಾಯಿತು. ಅವಳು ದಿನವೂ ಕೂಗುವಳು, ಮುಚ್ಚಳ ಠಣ್ಣೆನ್ನುವುದು, ಅವಳಿಗೆ ಸಮಾಧಾನವಾಗುವುದು. ರಕ್ತದೊತ್ತಡವೂ ಇಳಿಯಿತು. "ನೋಡ್ರಿ, ಉಪ್ಪು ತಿಂದ್ರೂ ಏನೂ ಆಗ್ಲಿಲ್ಲ" ಎಂದು ಅವಳು ಡಾಕ್ಟರಿಗೇ ಪಾಠ ಹೇಳಿ ಬಂದಳು.

ಪ್ರೀತಿಯಿಂದ ಹೇಳಿದ ಸುಳ್ಳು ಅದು. ಆದರೆ ಒಂದು ಸುಳ್ಳು ಅಭ್ಯಾಸವಾದ ಮನೆಯಲ್ಲಿ ಎರಡನೆಯದಕ್ಕೆ ಬಾಗಿಲು ತೆರೆದೇ ಇರುತ್ತದೆ. ಅಮ್ಮನಿಗೆ ಹೇಳಬೇಕಾದ ಮಾತನ್ನೆಲ್ಲ ಅವರು ಹೀಗೆಯೇ ಮುಚ್ಚಳ ಬಡಿದು ಮುಗಿಸತೊಡಗಿದರು. ಆ ಎರಡು ವರ್ಷಗಳಲ್ಲಿ ಮೂವರು ಮೇಲ್ವಿಚಾರಕರು ಕೆಲಸ ಬಿಟ್ಟರು. ಒಬ್ಬನ ತಾಯಿಗೆ ಹುಷಾರಿಲ್ಲ, ಇನ್ನೊಬ್ಬನ ಮಾವನಿಗೆ, ಮತ್ತೊಬ್ಬನ ಅಜ್ಜಿಗೆ. ಮುನಿಕೃಷ್ಣಮ್ಮ ಪ್ರತಿಯೊಬ್ಬರಿಗೂ ಹಣ್ಣಿನ ಬುಟ್ಟಿ ಕೊಟ್ಟು ಕಣ್ಣೊರೆಸಿಕೊಂಡು ಬೀಳ್ಕೊಟ್ಟಳು.

ನಾಲ್ಕನೆಯವನಾಗಿ ಬಂದವನು ಶರಣು. ಸಿಂದಗಿಯ ಕಡೆಯವನು, ಅಡುಗೆಯ ಡಿಪ್ಲೊಮಾ ಮಾಡಿದವನು, ಅಬ್ಬಿಗೆರೆಯಲ್ಲಿ ಕೋಣೆ ಹಿಡಿದಿದ್ದ. ಕೆಲಸಕ್ಕೆ ಸೇರಿದ ಎರಡನೆಯ ವಾರ ಫಕೀರಪ್ಪ ಒಂದು ದಿನ ಅಮ್ಮನ ಪುಟ್ಟ ಪಾತ್ರೆಯ ಸಾರನ್ನು ಮಾಡಿಟ್ಟು ತರಕಾರಿ ತರಲು ಯಶವಂತಪುರದ ಮಾರುಕಟ್ಟೆಗೆ ಹೋಗಿದ್ದ. ಒಳಗಿನಿಂದ ಎಂದಿನಂತೆ ಕೂಗು ಬಂತು: "ಉಪ್ಪು ಕಡ್ಮೆ ಐತೆ, ಇನ್ನೆಲ್ಡು ಪಾವು ಆಕ್ರೋ!" ಈ ಮನೆಯಲ್ಲಿ ಆ ಮಾತನ್ನು ಪಾಲಿಸಬಾರದು ಎಂದು ಶರಣುವಿಗೆ ಯಾರೂ ಹೇಳಿರಲಿಲ್ಲ. ಅವನು ವಿಧೇಯನಾಗಿ ಎರಡು ಪಾವು ಉಪ್ಪನ್ನು ಅಳೆದು ಹೆಬ್ಬಾಳಕ್ಕೆ ಹೋಗುವ ದೊಡ್ಡ ಪಾತ್ರೆಗೆ ಸುರಿದು, ಚೆನ್ನಾಗಿ ತಿರುವಿದ.

ಹೆಬ್ಬಾಳದ ಒಂದು ಕಚೇರಿಯಲ್ಲಿ ಅಂದು ಮಧ್ಯಾಹ್ನ ನಾಲ್ಕುನೂರು ಜನ ನೀರು ಕುಡಿದರು. ಆಮೇಲೆ ಸಂಜೆಯವರೆಗೆ ಯಾವ ಸಭೆಯಲ್ಲೂ ಯಾರೂ ಕುರ್ಚಿಯ ಮೇಲೆ ಕೂರಲಾಗಲಿಲ್ಲವಂತೆ. ಫೋನಿನ ಮೇಲೆ ಫೋನು ಬಂತು. ಮುನಿಕೃಷ್ಣಮ್ಮ ನಲವತ್ತು ಜನರನ್ನೂ ಸಾಲಾಗಿ ನಿಲ್ಲಿಸಿ ಶರಣುವನ್ನು ಮುಂದೆ ಕರೆದಳು.

"ನಾನೇ ಬಾಯಾರೆ ಉಂಡಿದೀನಿ, ಉಪ್ಪು ಕಡ್ಮೇನೇ ಇತ್ತು. ಆಮೇಲೆ ಎಷ್ಟ್ ಸುರ್ದೆ?"

"ನೀವ ಹೇಳಿದ್ರಲ್ರೀ ಅಮ್ಮಾರ, ಎರಡು ಪಾವು ಅಂತ. ಅಳದು ಹಾಕೀನ್ರಿ."

"ದಿನಾ ಏಳ್ತೀನಿ, ದಿನಾ ಆಕ್ತಾರೆ. ದಿನಾ ಸರಿ ಇರೋ ಸಾರು ನಿನ್ ಕೈಲಿ ಮಾತ್ರ ಸಮುದ್ರ ಆಯ್ತಾ? ಎದ್ರು ಮಾತಾಡ್ತಾನೆ ನೋಡು! ಓಗ್, ನಾಳೆಯಿಂದ ಬರ್ಬೇಡ."

ಫಕೀರಪ್ಪ ಆಗಷ್ಟೇ ಮಾರುಕಟ್ಟೆಯಿಂದ ಬಂದು ಅಲ್ಲಿಯೇ ನಿಂತಿದ್ದ. ತನ್ನ ಕಾಲ್ಬೆರಳನ್ನು ನೋಡಿಕೊಂಡ. ಮುಬೀನ್ ಆಗಲೇ ಹೊಳೆಯುತ್ತಿದ್ದ ವ್ಯಾನಿನ ಕನ್ನಡಿಯನ್ನು ಒರೆಸತೊಡಗಿದ. ಸುಮಾ ಕಂಪ್ಯೂಟರಿನೊಳಗೆ ಇಳಿದೇ ಬಿಟ್ಟಳು. ಶರಣು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಏಪ್ರನ್ ಬಿಚ್ಚಿಟ್ಟು ಹೊರಟು ಹೋದ.

ಹತ್ತು ದಿನ ಕಳೆದ ಮೇಲೆ ಫಕೀರಪ್ಪ ಒಂದು ಕಾಗದ ತಂದು ಮೇಜಿನ ಮೇಲಿಟ್ಟ. "ನಮ್ಮವ್ವನ ಮಂಡಿ ಬ್ಯಾನಿ ಭಾಳ ಆಗೇತ್ರಿ. ಊರಿಗೆ ಹೋಗಬೇಕ್ರಿ. ಇನ್ನ ಎರಡು ತಿಂಗಳು ಇರ್ತೀನಿ, ಅಷ್ಟರಾಗ ಬ್ಯಾರೆಯವರನ್ನ ನೋಡ್ಕೋರಿ."

ಮುನಿಕೃಷ್ಣಮ್ಮ ಅಂದು ಊಟ ಮಾಡಲಿಲ್ಲ. ಫಕೀರಪ್ಪ ಹೋದರೆ ಈ ಅಡುಗೆಮನೆ ಯಾರ ಕೈಗೆ? ಅವಳು ಕಣ್ಣೆದುರಿಗೆ ಬೆಳೆಸಿದವನು ಅವನೊಬ್ಬನೇ. ಅವನನ್ನು ಹೇಗಾದರೂ ಉಳಿಸಿಕೊಳ್ಳಬೇಕು ಎಂಬ ಒಂದೇ ಯೋಚನೆ ಅವಳನ್ನು ಹಿಡಿಯಿತು. ಮೊದಲಿಗೆ ತನಗೆ ತಿಳಿದ ಉಪಾಯ ಮಾಡಿದಳು. ಯಲಹಂಕದ ಹಳೆಯ ಅಂಗಡಿಯೊಂದರಿಂದ ಮಂಡಿನೋವಿನ ಎಣ್ಣೆಯ ನಾಲ್ಕು ದೊಡ್ಡ ಬಾಟಲಿ ತರಿಸಿ, ಗದಗಿನ ಬಸ್ಸಿನಲ್ಲಿ ಅವನ ತಾಯಿಗೆ ಕಳಿಸಿದಳು. ಮಂಡಿ ವಾಸಿಯಾದರೆ ಮಗ ಏಕೆ ಹೋಗುತ್ತಾನೆ?

ಎರಡನೆಯ ಉಪಾಯ ಸುಮಾಳದು. ಅವಳೊಂದು ಸಭೆಯಲ್ಲಿ ಸ್ಮಿತಾ ಎಂಬಾಕೆಯ ಮಾತು ಕೇಳಿದ್ದಳು. ಸ್ಮಿತಾ ಧಾರವಾಡದ ಕಡೆಯವರು, ವಿದ್ಯಾರಣ್ಯಪುರದಲ್ಲಿ ಮನೆ. ಎಕ್ಸಿಕ್ಯೂಟಿವ್ ಕೋಚ್ ಎಂಬ ಉದ್ಯೋಗ. ಸಂಸ್ಥೆಗಳನ್ನು ನಡೆಸುವವರ ಎದುರು ಕುಳಿತು, ಅವರು ತಮ್ಮ ಜನರನ್ನು ಹೇಗೆ ನಡೆಸಿಕೊಳ್ಳುತ್ತಾರೆಂಬುದನ್ನು ಅವರಿಗೇ ಕಾಣುವಂತೆ ಮಾಡುವುದು ಆಕೆಯ ಕೆಲಸ.

"ಅದೆಲ್ಲ ದೊಡ್ಡ ಕಂಪ್ನಿ ಸಾಯೇಬ್ರುಗಳ್ಗೆ ಕಣಮ್ಮ. ನಾನು ಮುದ್ದೆ ಕಟ್ಟೋಳು" ಎಂದಳು ಮುನಿಕೃಷ್ಣಮ್ಮ.

"ನಲವತ್ತು ಜನ ಕೈಕೆಳ್ಗೆ ಇರೋರು ಸಾಹೇಬ್ರಲ್ದೆ ಇನ್ನೇನು ಅತ್ತೆ?"

ಈ ಮಾತು ಅತ್ತೆಗೆ ಹಿಡಿಸಿತು. ಜೊತೆಗೆ ಅವಳ ಮನಸ್ಸಿನಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಹೊರಗಿನ ಹೆಂಗಸೊಬ್ಬಳು ಬಂದು ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸಿದರೆ, ತನ್ನ ಬೆನ್ನ ಹಿಂದೆ ಯಾರು ಏನನ್ನುತ್ತಾರೆಂಬುದು ತಿಳಿಯುತ್ತದೆ. ಸಂಜೆ ಬಂದು ವರದಿ ಒಪ್ಪಿಸುತ್ತಾಳೆ. ಏಳನೆಯ ತರಗತಿಯಲ್ಲಿ ತಾನು ಮಾಡುತ್ತಿದ್ದದ್ದೂ ಅದನ್ನೇ ಅಲ್ಲವೇ!

ಸ್ಮಿತಾ ಹತ್ತಿಸೀರೆ ಉಟ್ಟು, ಕೈಯಲ್ಲೊಂದು ನೋಟುಪುಸ್ತಕ ಹಿಡಿದು, ಸಿಟಿ ಬಸ್ಸಿನಲ್ಲಿ ಬಂದರು. ಒಂದು ವಾರ ಅಡುಗೆಮನೆಯಲ್ಲಿ ಕುಳಿತರು, ಬೀನ್ಸು ಬಿಡಿಸುತ್ತ ಜನರನ್ನು ಮಾತಾಡಿಸಿದರು, ವ್ಯಾನಿನಲ್ಲಿ ತಿರುಗಿದರು. ವಾರದ ಕೊನೆಗೆ ಮುನಿಕೃಷ್ಣಮ್ಮ ಬಾಗಿಲು ಹಾಕಿಕೊಂಡು ಅವರನ್ನು ಕೂರಿಸಿದಳು.

"ಏಳಮ್ಮ ಈಗ. ಯಾರ್ ಯಾರು ಏನೇನಂದ್ರು?"

"ಅದನ್ನ ನಾ ಹೇಳಂಗಿಲ್ರೀ ಅಮ್ಮಾ. ಅವರು ನಂಬಿ ಹೇಳಿದ್ದು ನನ್ನ ಹತ್ರನ ಇರ್ತದ. ನೀವು ಹೇಳಿದ್ದೂ ಅಷ್ಟ, ಅವರಿಗೆ ಹೋಗಂಗಿಲ್ಲ."

"ಅಂಗಾರೆ ನೀನ್ ಬಂದು ನನಗೇನ್ ಬಂತು? ಓಗ್ಲಿ, ಪಕೀರಪ್ಪನ್ನ ಉಳ್ಸ್ಕೊಳೋಕೆ ಏನ್ ಮಾಡ್ಬೇಕು ಅಂತಾದ್ರೂ ಏಳು."

"ಅದನ್ನೂ ನಾ ಹೇಳಂಗಿಲ್ಲ. ನಾ ಬರೇ ಪ್ರಶ್ನೆ ಕೇಳಾಕಿ."

ಮುನಿಕೃಷ್ಣಮ್ಮ ಅಂದು ಸಂಜೆಯೇ ನಮ್ಮ ಮನೆಗೆ ಬಂದಳು. "ಮೇಷ್ಟ್ರೇ, ಪ್ರಶ್ನೇನೂ ಅವ್ಳೇ ಕೇಳ್ತಾಳೆ, ಉತ್ರಾನೂ ನಾನೇ ಏಳ್ಬೇಕಂತೆ. ಇದ್ಯಾವ್ ಸೀಮೆ ಪಾಠ?" ಎಂದು ಕೇಳಿದಳು. ನಾನೂ ಮೂವತ್ತೈದು ವರ್ಷ ಅದನ್ನೇ ಮಾಡಿದವನೆಂಬ ಮಾತು ಬಾಯಿಯವರೆಗೆ ಬಂತು, ಹೇಳಲಿಲ್ಲ. ಆಕೆ ಕೇಳಿದ ಪ್ರಶ್ನೆಯಾದರೂ ಏನು ಎಂದು ವಿಚಾರಿಸಿದೆ.

"ನಿಮ್ಮ ಜನದಾಗ ನಿಮಗ ಕೊನೇಸಲ 'ಇಲ್ಲ, ಆಗಂಗಿಲ್ಲ' ಅಂದವರು ಯಾರು?" ಇದು ಆ ಪ್ರಶ್ನೆ. ಮುನಿಕೃಷ್ಣಮ್ಮ ಬಹಳ ಯೋಚಿಸಿ, ಹದಿನೈದು ವರ್ಷದ ಹಿಂದೆ ಒಬ್ಬ ಬಸ್ ಕಂಡಕ್ಟರ್ ರಾಗಿಮೂಟೆ ಹತ್ತಿಸಲು ಆಗುವುದಿಲ್ಲ ಎಂದಿದ್ದನ್ನು ನೆನಪಿಸಿಕೊಂಡಿದ್ದಳು. ತನ್ನ ಅಡುಗೆಮನೆಯಲ್ಲಿ ಹಾಗೆಂದವರು ಒಬ್ಬರೂ ಇಲ್ಲ! ಅದನ್ನು ಹೇಳುವಾಗ ಹೆಮ್ಮೆಯಿಂದಲೇ ಹೇಳಿದ್ದಳಂತೆ. ಸ್ಮಿತಾ ಬರೆದುಕೊಂಡು, ಎರಡನೆಯ ಪ್ರಶ್ನೆ ಕೇಳಿದ್ದರು: "ಇಲ್ಲಿ ಕೆಲಸ ಬಿಟ್ಟವರದೆಲ್ಲ ಮನ್ಯಾಗ ಯಾರಿಗರೆ ಆರಾಮಿರಲಿಲ್ಲ ಅಂದ್ರಿ. ಮನ್ಯಾಗ ಎಲ್ಲಾರೂ ಗಟ್ಟಿ ಇದ್ದು ಬಿಟ್ಟವರು ಒಬ್ಬರರೆ ಅದಾರೇನ್ರಿ?"

"ಅದ್ಕೇ ಉತ್ರ ಒಳೀತಿಲ್ಲ ಮೇಷ್ಟ್ರೇ" ಎಂದಳು. ಕಾಫಿ ಆರಿ ತಣ್ಣಗಾದರೂ ಕುಡಿಯಲಿಲ್ಲ.

ಆ ಪ್ರಶ್ನೆಗೆ ಉತ್ತರ ಗದಗಿನ ಕಡೆಯಿಂದಲೇ ಬಂತು. ಮೂರನೆಯ ದಿನ ಅವಳಿಗೊಂದು ಫೋನು. ಫಕೀರಪ್ಪನ ತಾಯಿ ರತ್ನವ್ವ.

"ಎಣ್ಣಿ ಮುಟ್ಟೇತ್ರಿ ಯವ್ವಾ. ಭಾಳ ಛಲೋ ವಾಸನಿ ಐತಿ. ಆದ್ರ ಇದು ಯಾರ ಮಂಡಿಗ್ರಿ?"

"ನಿಮ್ದೇ ಕಣಮ್ಮ! ನಡೆಯಕ್ಕೇ ಆಗ್ದಂಗೆ ನೋವಂತಲ್ಲ?"

"ನಂದಾ? ನಿನ್ನಿ ಹೊಲಕ್ಕ ಹೋಗಿ ಬಂದೀನ್ರೀ, ಹೋಗೂದು ಎರಡು ಮೈಲಿ, ಬರೂದು ಎರಡು ಮೈಲಿ. ಯಾರು ಹೇಳಿದ್ರವ್ವಾ ನಿಮಗ, ನಮ್ಮ ಫಕೀರನಾ? ಅವನಿಗೆ ಮೊದಲಿಂದ ಸುಳ್ಳು ಹೇಳಾಕ ಬರಂಗಿಲ್ಲ ನೋಡ್ರಿ."

ಫೋನಿಟ್ಟ ಕೂಡಲೇ ಮುನಿಕೃಷ್ಣಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯ ಕಡೆಗೆ ಹೊರಟಳು. ಅದೃಷ್ಟಕ್ಕೆ ಸ್ಮಿತಾ ಆಗ ತಾನೇ ಬಸ್ಸಿಳಿದು ಒಳಗೆ ಬರುತ್ತಿದ್ದರು.

"ತಡಿಬೇಡ ಸ್ಮಿತಮ್ಮ. ಇವತ್ತು ಅವನ್ ಚರ್ಮ ಸುಲ್ದು ನಿಜ ಕಕ್ಕುಸ್ತೀನಿ."

"ಆಗ್ಲಿ. ಒಂದ ಮಾತು ಹೇಳ್ರಿ. ಇಲ್ಲೀ ತನಕ ನೀವು ಬೈದಾಗೆಲ್ಲ ಮಂದಿ ನಿಜಾನ ಹೇಳ್ಯಾರೇನ್ರಿ?"

ಸೆರಗು ಸೊಂಟದಿಂದ ತಾನೇ ಜಾರಿತು. ಅವಳು ಅಕ್ಕಿಮೂಟೆಯ ಮೇಲೆ ಕುಳಿತಳು. "ಅಂಗಾರೆ ನಾನ್ ಬಾಯಿ ಮುಚ್ಕೊಂಡಿರ್ಬೇಕಾ? ನನ್ ಕೈಲಿ ಆಗಲ್ಲ. ಉಟ್ಟಿದಾಗ್ನಿಂದ ಆಗಿಲ್ಲ" ಎಂದಳು.

"ಅರ್ಧ ತಾಸು ಸುಮ್ಮನ ಕೂಡಾಕ ನಿಮಗ ಏನು ಬೇಕಾಗ್ತದ?"

ಉತ್ತರ ಕಂಡುಹಿಡಿದವಳು ಮುನಿಕೃಷ್ಣಮ್ಮನೇ. ಬುಧವಾರ ಮಧ್ಯಾಹ್ನ ವ್ಯಾನುಗಳೆಲ್ಲ ಮರಳಿದ ಮೇಲೆ ಉಗ್ರಾಣದಲ್ಲಿ ಐದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದಳು. ಎಲ್ಲರೂ ಬಂದು ಕೂರುವ ಮೊದಲೇ ನಾಲ್ಕು ಎಲೆ, ಒಂದು ಹಿಡಿ ಅಡಿಕೆ, ಬೇಕಾದಷ್ಟು ಸುಣ್ಣ ಸೇರಿಸಿ ಬಾಯಿ ತುಂಬ ತುಂಬಿಕೊಂಡುಬಿಟ್ಟಳು. ಕೆನ್ನೆ ಎರಡೂ ಬನ್ನಿನಂತೆ ಉಬ್ಬಿದವು. ಬಾಯಿ ತೆರೆದರೆ ರಸ ಸೀರೆಯ ಮೇಲೆ. ಉಗುಳಲು ಹೋಗೋಣವೆಂದರೆ, ಉಗ್ರಾಣದ ಗೋಡೆಯ ಮೇಲೆ ಅವಳೇ ಬರೆಸಿದ ಫಲಕ: ಎಲೆಯಡಿಕೆ ಉಗುಳಿದವರಿಗೆ ಅಂದೇ ಕೆಲಸದಿಂದ ರಜ.

ಸ್ಮಿತಾ ಪ್ರಶ್ನೆ ಇಟ್ಟರು. ಈ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಅಮ್ಮನಿಗೆ ಮಾತ್ರ ಗೊತ್ತಿಲ್ಲದ್ದು ಏನಾದರೂ ಇದೆಯೇ?

ಮಾಡಿನ ಮೇಲೆ ಒಂದು ವಿಮಾನ ಗುಂಯ್ಯೆಂದು ಸುತ್ತಿ ಹೋಯಿತು. ಕೊನೆಗೆ ಮುಬೀನ್ ಗಂಟಲು ಸರಿಪಡಿಸಿಕೊಂಡ.

"ಅಮ್ಮ, ಮೂರ್ನೇ ವ್ಯಾನ್ ಡೋರು... ಅದು ಕ್ಲೋಸ್ ಆಗಲ್ಲ. ನಾಲ್ಕ್ ತಿಂಗ್ಳಾಯ್ತು. ಹಗ್ಗ ಕಟ್ಕೊಂಡ್ ಓಡಿಸ್ತಿದೀವಿ."

"ಮ್ಮ್ಮ್!" ಎಂದಳು ಮುನಿಕೃಷ್ಣಮ್ಮ. ಕಣ್ಣು ಕೆಂಡವಾಯಿತು, ಕೈ ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ಅಷ್ಟೇ. ಮಾಡು ಕಳಚಿ ಬೀಳಲಿಲ್ಲ. ಇದನ್ನು ಎಲ್ಲರೂ ಗಮನಿಸಿದರು. ಫಕೀರಪ್ಪ ಕುರ್ಚಿಯ ತುದಿಗೆ ಸರಿದ.

"ನಾ ಒಂದು ಹೇಳ್ತೀನ್ರಿ. ಅಮ್ಮಾರ, ನೀವು ಉಣ್ಣೂ ಸಾರು ಬ್ಯಾರೆ, ಮಂದಿ ಉಣ್ಣೂ ಸಾರು ಬ್ಯಾರೆ ಐತ್ರಿ. ಎರಡು ವರ್ಷ ಆತು. ನಿಮ್ಮ ತಾಟಿಗೆ ಉಪ್ಪು ಕಡಿಮಿ ಹಾಕ್ತೀವಿ. ನೀವು ಹಾಕಂದಾಗೆಲ್ಲ ಬರೇ ಮುಚ್ಚಳಾ ಬಡದೀವ್ರಿ, ಒಂದ ದಿನಾನೂ ಹಾಕಿಲ್ಲ."

"ಅವ್ರದೇನ್ ತಪ್ಪಿಲ್ಲ ಅತ್ತೆ, ಹೇಳ್ಕೊಟ್ಟಿದ್ದು ನಾನೇ. ಬಿಪಿ ಇತ್ತಲ್ಲ" ಎಂದು ಸುಮಾ ನಡುವೆ ಬಾಯಿ ಹಾಕಿದಳು.

ಗುಳುಕ್ಕೆಂದು ಒಂದು ಶಬ್ದ ಕೇಳಿಸಿತು. ನಾಲ್ಕು ಎಲೆ, ಹಿಡಿ ಅಡಿಕೆ, ಸುಣ್ಣ ಸಹಿತವಾಗಿ ಒಂದೇ ಗುಟುಕಿಗೆ ಒಳಗೆ ಹೋಗಿತ್ತು. ಮುನಿಕೃಷ್ಣಮ್ಮ ಬಿಕ್ಕಿದಳು. ಮುಬೀನ್ ನೀರು ತಂದುಕೊಟ್ಟ. ಒಂದು ಚೊಂಬು ನೀರು ಮುಗಿದ ಮೇಲೆ ಸಣ್ಣ ಧ್ವನಿಯಲ್ಲಿ ಕೇಳಿದಳು:

"ಎಲ್ಡು ವರ್ಸ? ಆ ಠಣ್ ಅನ್ನೋದು?"

"ಬರೇ ಸಪ್ಪಳ್ರಿ."

"ಮನೇಲಿ?"

"ಮನೇಲೂ ಅಷ್ಟೇ ಅತ್ತೆ" ಎಂದಳು ಸುಮಾ. "ಮಾವ ಅದ್ಕೇ ಶರ್ಟ್ ಜೇಬಲ್ಲಿ ಉಪ್ಪಿನ ಪೊಟ್ಣ ಇಟ್ಕೊಂಡಿರ್ತಾರೆ."

"ಲೇ, ಆ ಮೂಗ್ಬಸ್ವನೂ ಸೇರ್ಕೊಂಡವ್ನಾ!" ಎಂದು ಅವಳಿಗೆ ನಗುವೇ ಬಂದುಬಿಟ್ಟಿತು. ಎಲ್ಲರೂ ನಕ್ಕರು. ಆದರೆ ನಗುತ್ತಿದ್ದ ಹಾಗೆಯೇ ಅವಳ ಮುಖ ಬದಲಾಯಿತು. "ಅಂಗಾರೆ... ಆ ಸರಣು. ಅವ್ನು ನಾನ್ ಏಳ್ದಂಗೇ ಮಾಡಿದ್ದ."

"ಹೌದ್ರಿ" ಎಂದ ಫಕೀರಪ್ಪ. "ಆ ದಿವಸ ನಾ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ನಿಮ್ಮ ಸಿಟ್ಟಿಗೆ ಅಂಜಿ ನಿಂತೆ. ಏನೂ ತಪ್ಪು ಮಾಡದ ಹುಡುಗ ನನ್ನ ಮಾರಿ ನೋಡ್ಕೊಂತ ಹ್ವಾದ. ನಮ್ಮವ್ವನ ಮಂಡಿ ಗಟ್ಟಿ ಅದಾವ್ರಿ. ನನಗ ಇಲ್ಲಿ ಕುಂತು ಅನ್ನಾ ಉಣ್ಣಾಕ ಮನಸ್ಸಾಗವಲ್ತು, ಅದಕ್ಕ ಬಿಟ್ಟು ಹೊಂಟೀನಿ."

ಸ್ಮಿತಾ ನೋಟುಪುಸ್ತಕವನ್ನೇ ತೆರೆಯಲಿಲ್ಲ.

ಮರುದಿನ ಮುನಿಕೃಷ್ಣಮ್ಮ ಅಬ್ಬಿಗೆರೆಗೆ ಹೋಗಿ ಶರಣುವಿನ ಕೋಣೆಯ ಬಾಗಿಲು ತಟ್ಟಿದಳು. ಅವನು ಚಾಪೆ ಹಾಸಿ ಕೂರಿಸಿದ, ಚಹಾ ಮಾಡಿಕೊಟ್ಟ. ಅವಳು ತಪ್ಪಾಯಿತೆಂದಳು. ಶರಣು ಮರ್ಯಾದೆಯಿಂದಲೇ ಹೇಳಿದ:

"ಬೈದದ್ದು ಅಡಿಗಿಮನ್ಯಾಗ, ನಲವತ್ತು ಮಂದಿ ಮುಂದ. ಮಾಫಿ ಇಲ್ಲಿ ನನ್ನ ಖೋಲ್ಯಾಗ ಯಾಕ್ರೀ ಅಮ್ಮಾರ?"

ಅವಳಿಗೆ ರೋಷ ಉಕ್ಕಿತಂತೆ. ಲೋಟ ಕೆಳಗಿಟ್ಟು ಎದ್ದೇಬಿಟ್ಟಳಂತೆ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ನಾಳೆ ಅತ್ತೂವರೆಗೆ ಬಾ" ಎಂದಳು.

ಹತ್ತೂವರೆಗೆ ಅವನು ಬಂದ. ಅದೇ ನಲವತ್ತು ಜನ, ಅದೇ ಸಾಲು. ಇಡೀ ಜಕ್ಕೂರಿಗೆ ಕೇಳುವ ಗಂಟಲು ಆ ದಿನ ಮುಂದಿನ ಸಾಲಿಗೂ ಸರಿಯಾಗಿ ಕೇಳಿಸಲಿಲ್ಲ. "ಆವತ್ತು ಸರಣು ಮಾಡಿದ್ದು ಸರಿ. ನಾನ್ ಮಾಡಿದ್ದು ತಪ್ಪು." ಹಿಂದೆ ನಿಂತಿದ್ದ ಪಾತ್ರೆ ತೊಳೆಯುವ ಹೆಂಗಸೊಬ್ಬಳು "ಏನಂದ್ರು?" ಎಂದು ಪಕ್ಕದವಳನ್ನು ಕೇಳಿದಳು. ಮುನಿಕೃಷ್ಣಮ್ಮ ಇನ್ನೊಮ್ಮೆ ಹೇಳಬೇಕಾಯಿತು, ಈ ಸಲ ಗಟ್ಟಿಯಾಗಿ.

ಶರಣು ಊಟ ಮಾಡಿಕೊಂಡು ಹೋದ. ಕೆಲಸಕ್ಕೆ ಮರಳಲಿಲ್ಲ. ಯಶವಂತಪುರದ ಒಂದು ಕ್ಯಾಂಟೀನಿನಲ್ಲಿ ಅವನಿಗೆ ಆಗಲೇ ಕೆಲಸ ಸಿಕ್ಕಿತ್ತು, ಅದು ಚೆನ್ನಾಗಿಯೂ ಇತ್ತು. ತಪ್ಪೊಪ್ಪಿಕೊಂಡರೆ ಎಲ್ಲವೂ ಮೊದಲಿನಂತಾಗುತ್ತದೆ ಎಂದುಕೊಂಡಿದ್ದ ಮುನಿಕೃಷ್ಣಮ್ಮನಿಗೆ ಇದು ಹೊಸ ಪಾಠ. ಎರಡು ದಿನ ಮಂಕಾಗಿದ್ದಳು.

ಮುಂದಿನ ಬುಧವಾರ ಉಗ್ರಾಣದಲ್ಲಿ ಮತ್ತೆ ಐದು ಕುರ್ಚಿ. ಈ ಸಲ ಎಲೆಯಡಿಕೆ ಇರಲಿಲ್ಲ. ಫಕೀರಪ್ಪನ ಕಾಗದ ಮೇಜಿನ ಮೇಲಿತ್ತು; ಎರಡು ತಿಂಗಳಲ್ಲಿ ಇನ್ನು ಒಂದೇ ತಿಂಗಳು ಉಳಿದಿತ್ತು.

"ಪಕೀರಪ್ಪ, ಎಣ್ಣೆ ಕಳ್ಸಲ್ಲ, ಅಳೋದೂ ಇಲ್ಲ. ನಿಜ ಏಳು. ಇರ್ತೀಯಾ, ಓಗ್ತೀಯಾ?"

ಅವನು ಬಹಳ ಹೊತ್ತು ಕೈ ಹೊಸೆದ. "ಇರಾಕ ಅಡ್ಡಿ ಇಲ್ರಿ. ಆದ್ರ ಆದಿತ್ಯವಾರ ಸೂಟಿ ಬೇಕು."

"ಭಾನ್ವಾರಾನಾ! ಗೃಹಪ್ರವೇಶ, ನಾಮಕರಣ ಎಲ್ಲ ಅವತ್ತೇ ಬರೋದು ಕಣೋ! ಬೇರೆ ದಿನ ಕೇಳೋ."

"ಬ್ಯಾರೆ ದಿನ ನನ್ನ ಹೆಂಡ್ತಿಗೆ ಸೂಟಿ ಇರಂಗಿಲ್ರಿ. ನೀವು ಹಿಂಗ ಅಂತೀರಂತನ ಆರು ವರ್ಷ ಕೇಳಿಲ್ಲ."

ಮುನಿಕೃಷ್ಣಮ್ಮ ಸ್ಮಿತಾರ ಮುಖ ನೋಡಿದಳು. ಅಲ್ಲಿ ಯಾವ ಸಹಾಯವೂ ಸಿಗಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. "ತಗೋ. ಭಾನ್ವಾರ ನಿಂದು."

ಒಡನೆಯೇ ಮುಬೀನ್ ಶುಕ್ರವಾರದ ನಮಾಜಿಗೆ ಒಂದು ಗಂಟೆ ಬಿಡುವು ಕೇಳಿದ. ಇಷ್ಟು ದಿನ ಟ್ರಾಫಿಕ್ ಜಾಮ್ ಎಂದು ಹೇಳಿ ಹೋಗುತ್ತಿದ್ದನಂತೆ. ತನ್ನನ್ನು ಕೇಳದೆ ಹೊಸ ಕಚೇರಿಯ ಊಟ ಒಪ್ಪಿಕೊಳ್ಳಬಾರದು ಎಂದು ಸುಮಾ ಹೇಳಿದಳು. "ಬಾಯಿ ಬಿಡ್ರಪ್ಪಾ ಅಂದ್ರೆ ಒಬ್ಬೊಬ್ರು ಒಂದೊಂದು ಲಿಸ್ಟೇ ತಂದವ್ರಲ್ಲ!" ಎಂದು ಮುನಿಕೃಷ್ಣಮ್ಮ ಹಣೆ ಚಚ್ಚಿಕೊಂಡಳು. ಫಕೀರಪ್ಪ ಮೇಜಿನ ಮೇಲಿದ್ದ ಕಾಗದವನ್ನು ಎತ್ತಿ ಮಡಿಸಿ ಜೇಬಿಗೆ ಹಾಕಿಕೊಂಡ. ಹರಿಯಲಿಲ್ಲ. ನಾಲ್ಕು ಭಾನುವಾರ ನೋಡಿ ಹರಿಯುತ್ತೇನೆ ಎಂದನಂತೆ.

ಮೊನ್ನೆ ಮೊದಲನೆಯ ಭಾನುವಾರ ಬಂತು. ವಿದ್ಯಾರಣ್ಯಪುರದಲ್ಲಿ ಒಂದು ಗೃಹಪ್ರವೇಶ, ಮುನ್ನೂರು ಎಲೆ ಊಟ. ಅಂದು ಸಂಜೆ ಮುನಿಕೃಷ್ಣಮ್ಮ ನಮ್ಮ ಜಗಲಿಗೆ ಬಂದು ಚಪ್ಪಲಿಯನ್ನೂ ಬಿಡದೆ ಶುರುಮಾಡಿದಳು.

"ಕಟ್ ಮಾಡ್ದ ಮೇಷ್ಟ್ರೇ! ನನ್ ಫೋನನ್ನೇ ಕಟ್ ಮಾಡ್ದ!"

"ಯಾರಮ್ಮ?"

"ಪಕೀರಪ್ಪ! ಮುನ್ನೂರು ಜನದ್ ಪಾಯ್ಸುಕ್ಕೆ ಬೆಲ್ಲ ಎಷ್ಟು ಅಂತ ಕೇಳೋಕೆ ಮಾಡ್ದೆ. 'ಇವತ್ತು ನಂದು ಸೂಟಿ ಐತ್ರಿ ಅಮ್ಮಾರ, ಇಡ್ತೀನಿ' ಅಂದ. ಇಟ್ಟೇಬಿಟ್ಟ!"

"ಹಾಗಾದರೆ ಪಾಯಸ?"

ಅವಳು ಈಗ ಚಪ್ಪಲಿ ಬಿಟ್ಟು ಕುಳಿತಳು. "ಒಲೆ ಮುಂದೆ ಇಬ್ರು ಎಂಗಸ್ರು ಇದ್ರು. ನಿಮ್ಗೇನಾದ್ರೂ ಗೊತ್ತಾ ಅಂದೆ. ಪಟಪಟ ಅಂತ ಏಳಿದ್ರು. ಬೆಲ್ಲ, ಏಲಕ್ಕಿ, ಎಷ್ಟೊತ್ತು ಕುದೀಬೇಕು, ಎಲ್ಲ. ಎಂಟು ವರ್ಸದಿಂದ ಗೊತ್ತಂತೆ. ನಾನು ಯಾವತ್ತೂ ಕೇಳಿರ್ಲಿಲ್ಲ."

ಸೆರಗಿನಿಂದ ಬೆವರೊರೆಸಿಕೊಂಡಳು.

"ಸೋಮವಾರ ಫಕೀರಪ್ಪ ಬಂದರೆ ಬೈಯುತ್ತೀಯಾ?" ಎಂದೆ.

"ಬೈತೀನಿ. ಬೈಬಾರ್ದು ಅಂತ ಸ್ಮಿತಮ್ಮ ಏನೂ ಅಂದಿಲ್ಲ. ವಾಪಸ್ ಬೈಯೋಕೆ ಅವ್ನಿಗೂ ಬಿಟ್ಟಿದೀನಲ್ಲ" ಎಂದು ಹೇಳಿ, ಪಾಯಸದ ಡಬ್ಬಿಯನ್ನು ನನ್ನ ಮುಂದಿಟ್ಟು, ರುಚಿ ಹೇಗಿದೆ, ನಿಜವನ್ನೇ ಹೇಳಬೇಕು ಎಂದು ಕಣ್ಣರಳಿಸಿ ಕುಳಿತಳು. ಬೆಲ್ಲ ಒಂದಿಷ್ಟು ಹೆಚ್ಚಾಗಿತ್ತು. ಹೆಚ್ಚಾಗಿದೆ ಎಂದೇ ಹೇಳಿದೆ.